ಗಂಟು ಸರೋವರದ ಎರಡನೇ ನಕ್ಷೆ

ಗಡಿ ಸರ್ವೆ ಬಿಡಾರ, ಗಂಟು ಸರೋವರ
ಜೂನ್ 2, 1912

ಪ್ರೀತಿಯ ಅಕ್ಕ ಥೋರಾ,

ಬಂದು ಸೇರಿದೆವು. ಈ ಸಲ ನನ್ನ ಪಾಲಿಗೆ ಬಂದಿರುವುದು ಗಂಟು ಸರೋವರ. ಹಿಂದಿನ ತುಪ್ಪಳದ ವ್ಯಾಪಾರಿಗಳು ಇಟ್ಟ ಹೆಸರಂತೆ. ಬಿಡಿಸಲು ಕೂತ ಮೇಲೆ ಯಾಕೆ ಇಟ್ಟರೆಂದು ತಿಳಿಯಿತು. ಕೊಲ್ಲಿಯೊಳಗೊಂದು ಕೊಲ್ಲಿ, ದ್ವೀಪದ ಬೆನ್ನಿಗೊಂದು ದ್ವೀಪ. ಉತ್ತರದ ದಡ ಕೆನಡಾ, ದಕ್ಷಿಣದ್ದು ನಮ್ಮ ಮಿನೆಸೋಟ. ನಡುವಿನ ನೀರಿನಲ್ಲಿ ಗಡಿಯ ಗೆರೆ ಎಲ್ಲಿ ಹಾಯಬೇಕೆಂದು ನನ್ನ ನಕ್ಷೆ ಮುಗಿದ ಮೇಲೆ ದೊಡ್ಡವರು ಕೂತು ಹೇಳುತ್ತಾರೆ. ಅಲ್ಲಿಯವರೆಗೆ ಇಲ್ಲಿನ ಮೀನುಗಳು ಯಾವ ದೇಶದವೆಂದು ಯಾರೂ ಕೇಳುವಂತಿಲ್ಲ.

ನಾವು ಮೂವರಿದ್ದೇವೆ. ಬಂಡೆಯ ಮೇಲೆ ಮೂರು ಕಾಲಿನ ಹಲಗೆ ನಿಲ್ಲಿಸಿ, ದುರ್ಬೀನಿನಲ್ಲಿ ನೋಡಿ ಹಾಳೆಯ ಮೇಲೆ ಬರೆಯುವವನು ನಾನು. ಕೆಂಪು ಬಿಳಿ ಗೆರೆಗಳ ಅಳತೆಕೋಲು ಹಿಡಿದು ಎದುರು ದ್ವೀಪದಲ್ಲಿ ನಿಲ್ಲುವವನು ಫಿನ್ಲೆಂಡಿನ ಯಾಲ್ಮಾರಿ. ಅವನು ವಾರಕ್ಕೊಂದು ಮಾತು ಆಡುತ್ತಾನೆ. ಉಳಿದ ಮಾತನ್ನೆಲ್ಲ ಆಡುವವನು ಆಂತ್ವಾನ್. ಇದೇ ನೀರಿನ ಸುತ್ತ ಬಾಳುವ ಮೂಲನಿವಾಸಿ ಒಜಿಬ್ವೆ ಜನಾಂಗದವನು, ದೋಣಿ ಅವನದು, ಅಡುಗೆಯೂ ಅವನದೇ. ನಿನ್ನೆ ಕರಿನೊಣಗಳು ಮುತ್ತಿ ನನ್ನ ಮುಖ ಊದಿಕೊಂಡಾಗ, “ನಿನ್ನನ್ನ ನೋಡಿದ ತಕ್ಷಣ ನೊಣಗಳು ಊರಿಂದ ನೆಂಟರನ್ನೂ ಕರೆಸ್ಕೊಂಡ್ವು, ಪಾಪ, ವರ್ಷಕ್ಕೊಂದೇ ಹಬ್ಬ ಅವಕ್ಕೆ” ಎಂದ.

ನೀನು ಹೆಣೆದ ಕಾಲುಚೀಲಗಳು ಬೆಚ್ಚಗಿವೆ. ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟೆ ಎಂದು ರೈಲು ಹೊರಡುವಾಗ ಹೇಳಿದೆ. ಯಾರಿಗೆಂದು ಹೇಳಲಿಲ್ಲ.

ನಿನ್ನ ಐಲಿಫ್


ಡುಲೂತ್
ಜೂನ್ 16, 1912

ಪ್ರೀತಿಯ ಐಲಿಫ್,

ಮುಖಕ್ಕೆ ಡಾಂಬರೆಣ್ಣೆ ಹಚ್ಚಿಕೊ ಎಂದು ಹೋದ ವರ್ಷವೂ ಬಡಿದುಕೊಂಡೆ. ಹಚ್ಚಿಕೊಳ್ಳುವುದಿಲ್ಲ. ಆರು ವರ್ಷದವನಿದ್ದಾಗ ಅಮ್ಮ ನಿನ್ನನ್ನು ನನ್ನ ಕೈಗೆ ಕೊಟ್ಟು ಹೋದಳು. ಇಪ್ಪತ್ತು ವರ್ಷವಾಯಿತು. ಕಿವಿ ಮಾತ್ರ ಅದೇ ಆರು ವರ್ಷದವನದು.

ಕೋಣೆಗೆ ಬಂದವರು ಓಸ್ಮುಂಡ್ ಹೆಲ್ಲೆ ಎಂಬವರು. ನಲವತ್ತೈದರ ಆಸುಪಾಸು. ಮೊದಲು ಅದಿರು ಸಾಗಿಸುವ ಹಡಗಿನಲ್ಲಿ ಅಡುಗೆಯವರಾಗಿದ್ದರು, ಈಗ ಹಡಗು ನಿಲ್ಲುವ ಧಕ್ಕೆಯ ಹತ್ತಿರದ ಊಟದಮನೆಯಲ್ಲಿದ್ದಾರೆ. ಸದ್ದಿಲ್ಲದ ಮನುಷ್ಯ. ಬಂದ ವಾರವೇ ನಮ್ಮ ಒಲೆಯ ಹೊಗೆ ಕೊಳವೆ ಸರಿ ಮಾಡಿದರು. ಹಿತ್ತಲಿನಲ್ಲಿ ಈರುಳ್ಳಿ ಹಾಕಿದ್ದಾರೆ. ಸಂಜೆ ನಾನು ಹೊಲಿಗೆಗೆ ಕೂತಾಗ ನಾರ್ವೇಜಿಯನ್ ಪತ್ರಿಕೆ ಗಟ್ಟಿಯಾಗಿ ಓದುತ್ತಾರೆ. ಸಾವಿನ ಸುದ್ದಿ ಬಂದರೆ ಬಿಟ್ಟು ಮುಂದಿನದು ಓದುತ್ತಾರೆ. ನನ್ನ ಲೆಫ್ಸೆ ರೊಟ್ಟಿಗೆ ಆಲೂಗಡ್ಡೆ ಜಾಸ್ತಿಯಾಯಿತು ಎಂದರು. ನೋಡಿದರೆ ಹೌದು.

ಕೊಳಚೆ ನೀರು ಕುಡಿಯಬೇಡ. ಹೊಳೆಯ ಇಳಿಜಾರಿನಲ್ಲಿ ದೋಣಿ ಬಿಡಬೇಡ. ಇಳಿದು ನಡೆದು ಬಾ.

ನಿನ್ನ ಅಕ್ಕ


ಗಂಟು ಸರೋವರ
ಜುಲೈ 9, 1912

ಪ್ರೀತಿಯ ಅಕ್ಕ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಒಲೆ, ಈರುಳ್ಳಿ, ಪತ್ರಿಕೆ, ರೊಟ್ಟಿ. ಬಾಡಿಗೆಗೆ ಕೊಟ್ಟಿದ್ದು ಮಹಡಿಯ ಕೋಣೆಯನ್ನಷ್ಟೇ ಅಲ್ಲವೇ? ಕೆಳಗಿನ ಒಲೆಗೂ ಅವನಿಗೂ ಏನು ಸಂಬಂಧ? ಸ್ವಂತ ಮನೆಯಿಲ್ಲದವನು ಇನ್ನೊಬ್ಬರ ಹಿತ್ತಲಿನಲ್ಲಿ ಈರುಳ್ಳಿ ನೆಟ್ಟರೆ, ಅದು ಬೆಳೆಯುವವರೆಗೆ ಇರುವ ಯೋಚನೆ ಇದೆಯೆಂದೇ ಅರ್ಥ. ನೀನು ಯಾರನ್ನೂ ಅನುಮಾನಿಸುವವಳಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಧಕ್ಕೆಯ ಜನ ಎಷ್ಟು ಕಡೆ ಎಷ್ಟು ಒಲೆ ಸರಿಮಾಡಿರುತ್ತಾರೋ!

ಇಲ್ಲಿ ಕೆಲಸ ಜೋರಾಗಿ ಸಾಗಿದೆ. ಬೆಳಗ್ಗೆ ಮಂಜು ಏಳುವ ಮೊದಲೇ ದೋಣಿ ನೀರಿಗಿಳಿಯುತ್ತದೆ. ಬಂಡೆಗಳ ಮೇಲೆ ಬೆರಿ ಹಣ್ಣುಗಳು ನೀಲಿಯಾಗಿವೆ, ಯಾಲ್ಮಾರಿಯ ಗಡ್ಡವೂ ನೀಲಿ. ಹಾಳೆಯ ಮೇಲೆ ಸರೋವರ ಮೆಲ್ಲಗೆ ಮೂಡುತ್ತಿದೆ ಅಕ್ಕ. ಇದುವರೆಗಿನ ನಕ್ಷೆಗಳಲ್ಲಿ ಇಲ್ಲಿ ಬರೀ ಒಂದು ನೀಲಿ ಮುದ್ದೆ ಇತ್ತು. ಈಗ ಪ್ರತಿ ಮೂಲೆಗೂ ಆಕಾರ ಬರುತ್ತಿದೆ. ಆಂತ್ವಾನ್ ತಮ್ಮ ಜನ ಕರೆಯುವ ಹೆಸರುಗಳನ್ನು ಹೇಳುತ್ತಾನೆ, ಅವನ್ನೇ ಬರೆಯುತ್ತಿದ್ದೇನೆ.

ನಮ್ಮ ತಂಡದ ಮುಖ್ಯಸ್ಥ ವಿಟ್‌ಕೋಂಬ್ ಬಂದು ಹಾಳೆ ನೋಡಿ ಮೆಚ್ಚಿದರು. ಇನ್ನೂ ಏನೋ ಹೇಳಿದರು. ಅದೇನೂ ಮುಖ್ಯವಲ್ಲ.

ನಿನ್ನ ಐಲಿಫ್


ಡುಲೂತ್
ಜುಲೈ 24, 1912

ಪ್ರೀತಿಯ ಐಲಿಫ್,

ನಿನ್ನ ಪತ್ರ ಓದಿ ನಕ್ಕೆ, ಆಮೇಲೆ ಸ್ವಲ್ಪ ಸಿಟ್ಟು ಬಂತು. ಮೂವತ್ತೆಂಟು ವರ್ಷದ ಹೆಂಗಸು ನಾನು. ಈರುಳ್ಳಿ ನೋಡಿ ಮೋಸಹೋಗುವ ವಯಸ್ಸಲ್ಲ.

“ನನ್ನ ತಮ್ಮನಿಗೆ ನಿಮ್ಮ ಈರುಳ್ಳಿ ಮೇಲೆ ಅನುಮಾನ” ಎಂದು ಓಸ್ಮುಂಡ್‌ಗೆ ಹೇಳಿಯೇಬಿಟ್ಟೆ. ಅವರು ಗಂಭೀರವಾಗಿ ಯೋಚಿಸಿ, “ಮೂಲಂಗಿ ಹಾಕಿದ್ರೆ ಒಪ್ತಾರಾ? ಅದು ಬೇಗ ಬರುತ್ತೆ” ಎಂದರು. ತಮಾಷೆಯೋ ನಿಜವೋ ಅವರ ಮುಖ ನೋಡಿ ಯಾರೂ ಹೇಳಲಾರರು.

ವಿಟ್‌ಕೋಂಬ್ ಇನ್ನೇನು ಹೇಳಿದರು? ಮುಖ್ಯವಲ್ಲ ಎಂದು ನೀನು ಬರೆದರೆ ಅದೇ ಮುಖ್ಯ ಎಂದು ನನಗೆ ಗೊತ್ತು. ಸೆಪ್ಟೆಂಬರ್ ಕೊನೆಗೆ ಬರುತ್ತೀಯಲ್ಲ? ನಿನ್ನ ಮೇಜನ್ನು ಕಿಟಕಿಯ ಹತ್ತಿರ ಎಳೆದಿಟ್ಟಿದ್ದೇನೆ, ಚಳಿಗಾಲವೆಲ್ಲ ಅಲ್ಲೇ ಕೂತು ನಕ್ಷೆಗೆ ಮಸಿ ಹಾಕಬಹುದು.

ನಿನ್ನ ಅಕ್ಕ


ಗಂಟು ಸರೋವರ
ಆಗಸ್ಟ್ 20, 1912

ಪ್ರೀತಿಯ ಅಕ್ಕ,

ಕ್ಷೇಮ. ಕೆಲಸ ಹೆಚ್ಚಾಗಿದೆ. ಸೆಪ್ಟೆಂಬರಿನಲ್ಲಿ ಬರುವುದಕ್ಕಾಗುವುದಿಲ್ಲ. ನೀರು ಹೆಪ್ಪುಗಟ್ಟುವವರೆಗೆ ಇಲ್ಲೇ ಇರುತ್ತೇನೆ. ಮೇಜನ್ನು ಮತ್ತೆ ಗೋಡೆಗೆ ಸರಿಸಿಬಿಡು. ನಿನ್ನ ಬಾಡಿಗೆಯವರಿಗೆ ಜಾಗವಾದೀತು.

ಐಲಿಫ್


ಡುಲೂತ್
ಸೆಪ್ಟೆಂಬರ್ 1, 1912

ಪ್ರೀತಿಯ ಐಲಿಫ್,

ನೀನು ಇಷ್ಟು ಚಿಕ್ಕ ಪತ್ರವನ್ನು ಜನ್ಮದಲ್ಲಿ ಬರೆದವನಲ್ಲ. ಆಂತ್ವಾನ್ ಏನೂ ಅನ್ನಲಿಲ್ಲವೇ, ಯಾಲ್ಮಾರಿ ಮಾತಾಡಿದನೇ, ಒಂದೂ ಇಲ್ಲ. ಕೊನೆಯ ಸಾಲು ಓದಿದ ಮೇಲೆ ಯಾಕೆಂದು ಅರ್ಥವಾಯಿತು. ಇನ್ನೊಬ್ಬರಿರುವ ಮನೆಗೆ ಬರಲು ನಿನಗೆ ಮನಸ್ಸಿಲ್ಲ.

ಅದಕ್ಕೆ ಹಿಮದಲ್ಲಿ ಕೂರಬೇಕಾಗಿಲ್ಲ ಮಗೂ. ಇದು ಮೊದಲು ನಿನ್ನ ಮನೆ. ಓಸ್ಮುಂಡ್‌ಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿದೆ. ಅವರು ಮರುಮಾತಾಡಲಿಲ್ಲ. ಮಂಗಳವಾರ ಪೆಟ್ಟಿಗೆ ಹೊತ್ತುಕೊಂಡು ಹೋದರು. ಈರುಳ್ಳಿಯನ್ನು ಕಿತ್ತು, ಜಡೆ ಹಾಕಿ, ಅಡುಗೆಮನೆಯಲ್ಲಿ ತೂಗುಹಾಕಿ ಹೋಗಿದ್ದಾರೆ.

ಈಗಲಾದರೂ ಬಾ.

ಅಕ್ಕ


ಗಂಟು ಸರೋವರ
ಸೆಪ್ಟೆಂಬರ್ 10, 1912

ಪ್ರೀತಿಯ ಅಕ್ಕ,

ಅವನು ಹೋದದ್ದು ಒಳ್ಳೆಯದೇ ಆಯಿತು. ನನಗಾಗಿ ಕಳಿಸಬೇಕಾಗಿರಲಿಲ್ಲ, ಆದರೆ ಕಳಿಸಿದ ಮೇಲೆ ಮತ್ತೆ ಕರೆಯಬೇಡ. ನಾನು ಬಾರದಿರುವುದಕ್ಕೂ ಅವನಿಗೂ ಸಂಬಂಧವಿಲ್ಲ. ನಿಜವಾಗಿಯೂ ಕೆಲಸವೇ. ಎಲೆಗಳು ಹಳದಿಯಾಗಿವೆ, ಬೆಳಗ್ಗೆ ದೋಣಿಯ ಅಂಚಿನಲ್ಲಿ ಹಿಮದ ಬಿಳಿ ಪುಡಿ ಕೂತಿರುತ್ತದೆ. ನಾನು ಚೆನ್ನಾಗಿದ್ದೇನೆ. ಆಂತ್ವಾನ್ ಕೂಡ ಚೆನ್ನಾಗಿದ್ದಾನೆ. ಯಾಲ್ಮಾರಿ ರಜೆಯ ಮೇಲೆ ಹೋಗಿದ್ದಾನೆ.

ಐಲಿಫ್


ಡುಲೂತ್
ಸೆಪ್ಟೆಂಬರ್ 18, 1912

ಐಲಿಫ್,

ರಜೆಯ ಮೇಲಿರುವ ಯಾಲ್ಮಾರಿ ಇವತ್ತು ಬೆಳಗ್ಗೆ ಊರುಗೋಲಿನ ಮೇಲೆ ನಮ್ಮ ಬಾಗಿಲಿಗೆ ಬಂದಿದ್ದ. ಆಸ್ಪತ್ರೆಯಿಂದ ಬಿಟ್ಟರಂತೆ. ನಿನಗೆ ಕೊಡಬೇಕೆಂದು ಹೊಸ ತಂಬಾಕಿನ ಚೀಲ ಹಿಡಿದು ತಂದಿದ್ದ. ಕಾಫಿ ಕೊಟ್ಟು ಕೂರಿಸಿದೆ. ವಾರಕ್ಕೊಂದು ಮಾತಾಡುವವನಿಂದ ಇಡೀ ವರ್ಷದ ಮಾತು ಹೊರಡಿಸಿದೆ.

“ಕಾಲಿಗೇನಾಯ್ತು?” ಎಂದೆ.

“ಹೊಳೆ ಇಳಿಜಾರಲ್ಲಿ ದೋಣಿ ಮಗುಚ್ತು. ನಿಮ್ಮ ತಮ್ಮ ಬರೆದಿಲ್ವಾ?”

“ಇಳಿದು ನಡೆಯೋಕೆ ಏನಾಗಿತ್ತು ನಿಮಗೆ?”

“ಅರ್ಧ ದಿನ ಉಳಿಯುತ್ತೆ ಅಂದ ಐಲಿಫ್. ನಕ್ಷೆ ಹಾಳೆ ತಗಡಿನ ಕೊಳವೇಲಿತ್ತು. ಮುಳುಗೋಯ್ತು. ಆಂತ್ವಾನ್ ಮುಳುಗಿ ಮುಳುಗಿ ಹುಡುಕಿದ, ಸಿಗಲಿಲ್ಲ. ನಿಮ್ಮ ತಮ್ಮ ನನ್ನನ್ನ ಬಂಡೆ ಸಂದಿಯಿಂದ ಎಳೆಯೋಕೆ ಹೋಗಿ ಮಂಡಿ ತಿರುಚ್ಕೊಂಡ. ಈಗ ಮೊದಲಿಂದ ಬರೀತಿದ್ದಾನೆ. ನಿಂತ್ಕೊಂಡು ಬರೀತಾನೆ, ನಡೆಯೋಕಾಗಲ್ಲ. ಕೋಲು ಹಿಡಿಯೋಕೆ ಆಂತ್ವಾನ್ ಹೋದ್ರೆ ದೋಣಿಗೆ ಯಾರೂ ಇಲ್ಲ.”

“ಬೇರೆಯವರನ್ನ ಕಳಿಸಲ್ವಾ?”

“ಈ ವರ್ಷ ಬಿಡು, ಮುಂದಿನ ವರ್ಷ ಬೇರೆ ಯಾರಾದ್ರೂ ಬರೀತಾರೆ ಅಂದ್ರು ವಿಟ್‌ಕೋಂಬ್. ಅವನು ಕೇಳಲಿಲ್ಲ. ನನ್ನ ಕಾಲು ಮುರಿದದ್ದು ತನ್ನಿಂದ ಅಂತ ಅವನ ತಲೇಲಿ ಕೂತಿದೆ. ನಿಮ್ಮ ಮುಖ ನೋಡೋಕೆ ನಾಚ್ಕೆ ಅವನಿಗೆ.”

ನಾನು ಇಲ್ಲಿ ಈರುಳ್ಳಿಯ ಜಡೆ ನೋಡುತ್ತಾ ನಿನಗೆ ನನ್ನ ಮೇಲೆ ಮುನಿಸು ಎಂದುಕೊಂಡು ಅಳುತ್ತಿದ್ದೆ. ನೀನು ಅಲ್ಲಿ ತಿರುಚಿದ ಮಂಡಿಯಲ್ಲಿ ನಿಂತು “ಕ್ಷೇಮ” ಎಂದು ಬರೆಯುತ್ತಿದ್ದೆ. ಇದಕ್ಕೆ ಉತ್ತರ ಬರೆಯಬೇಡ. ಬರೆದರೂ ಓದಲು ನಾನಿಲ್ಲಿ ಇರುವುದಿಲ್ಲ. ನಾಳೆ ಈಲಿ ಊರಿನ ರೈಲಿಗೆ ಹೊರಡುತ್ತಿದ್ದೇನೆ. ಅಲ್ಲಿಂದ ಟಪಾಲಿನ ದೋಣಿ ಇದೆಯಂತೆ. ಈ ಪತ್ರವೂ ನಾನೂ ಒಟ್ಟಿಗೇ ಬಂದರೆ ಮೊದಲು ಪತ್ರ ಓದಿ ಹೆದರಿಕೊ, ಆಮೇಲೆ ನನ್ನ ಮುಖ ನೋಡು.

ಅಕ್ಕ


ಡುಲೂತ್
ಅಕ್ಟೋಬರ್ 16, 1912

ಪ್ರೀತಿಯ ಐಲಿಫ್,

ನಾನೂ ಓಸ್ಮುಂಡ್ ಅವರೂ ಊರು ಸೇರಿದೆವು. ಮೈಯೆಲ್ಲ ಇನ್ನೂ ದೋಣಿಯಲ್ಲಿ ತೂಗಿದ ಹಾಗಿದೆ. ಯಾಲ್ಮಾರಿಯ ಬದಲು ಅಷ್ಟು ದಿನ ಅಳತೆಕೋಲು ಹಿಡಿದ ಅಭ್ಯಾಸಬಲ, ಅಂಗಡಿಗೆ ಹೋದರೂ ಕೋಲು ನೆಟ್ಟಗಿದೆಯೇ ಎಂದು ಪಕ್ಕಕ್ಕೆ ನೋಡಿಕೊಳ್ಳುತ್ತೇನೆ. ನಿನ್ನ ಬಿಳಿ ಬಾವುಟ ಮೇಲಿರುವವರೆಗೆ ಉಸಿರೂ ಬಿಗಿಹಿಡಿದು ನಿಲ್ಲಬೇಕು, ಕೆಳಗಿಳಿದರೆ ಮುಂದಿನ ದ್ವೀಪಕ್ಕೆ ಹೊರಡಬೇಕು. ನನ್ನ ಲಂಗದ ಅಂಚು ಮೊಣಕಾಲಿನವರೆಗೆ ಹರಿದಿದೆ. ಆದರೂ ಹೇಳುತ್ತೇನೆ, ಇಪ್ಪತ್ತು ವರ್ಷದಲ್ಲಿ ನಾನು ಇಷ್ಟು ಸಂತೋಷವಾಗಿ ನಿದ್ದೆ ಮಾಡಿರಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಅಲ್ಲಿದ್ದಾಗ ಓಸ್ಮುಂಡ್ ಹೇಳಬೇಡಿ ಎಂದಿದ್ದರು.

ಅವರು ಸುಮ್ಮನೆ ಹಡಗು ಬಿಟ್ಟು ಊಟದಮನೆ ಸೇರಿದವರಲ್ಲ. ಏಳು ವರ್ಷದ ಹಿಂದಿನ ನವೆಂಬರ್ ಬಿರುಗಾಳಿಯಲ್ಲಿ ಅವರ ಹಡಗು ದಡಕ್ಕೆ ಬಡಿಯಿತು. ಬದುಕಿದವರು ಕೆಲವರೇ. ಜೊತೆಯವರು ಒಬ್ಬೊಬ್ಬರೇ ಕೈಬಿಡುವುದನ್ನು ಅವರು ಹಗ್ಗ ಹಿಡಿದು ನೋಡಿದ್ದರು. ಅಂದಿನಿಂದ ಅವರು ದೋಣಿಯಲ್ಲಿ ಕಾಲಿಟ್ಟಿರಲಿಲ್ಲ. ಯಾಲ್ಮಾರಿ ಬಂದು ಹೋದ ದಿನ ನಾನು ಧಕ್ಕೆಗೆ ಓಡಿ, “ನಾನು ಒಬ್ಬಳೇ ಹೇಗೆ ಹೋಗಲಿ ಹೇಳಿ, ದಾರಿ ಗೊತ್ತಿಲ್ಲ” ಎಂದೆ. ಅವರು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, “ಒಬ್ಬರೇ ಯಾಕೆ ಹೋಗ್ತೀರಿ?” ಎಂದರು. ಮನೆಯಿಂದ ಕಳಿಸಿದವಳಿಗೆ ಅವರು ಹೇಳಿದ ಮೊದಲ ಮಾತು ಅದು.

ದೋಣಿಯಲ್ಲಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಅಂಚು ಹಿಡಿದು ಕೂತಿದ್ದರು. ತಲುಪಿದ ದಿನ ನೀನು, “ಹಡಗಿನ ಅಡುಗೆಯವನಿಗೆ ಹುಟ್ಟು ಹಿಡಿಯೋಕೂ ಬರಲ್ವಾ?” ಎಂದು ನಕ್ಕೆ. ಅವರೂ ನಕ್ಕರು. ಮರುದಿನದಿಂದ ಹುಟ್ಟು ಹಿಡಿದು ನನ್ನನ್ನು ದ್ವೀಪದಿಂದ ದ್ವೀಪಕ್ಕೆ ಸಾಗಿಸಿದವರು ಅವರೇ, ಆಂತ್ವಾನ್ ನಿನ್ನ ಹತ್ತಿರ ಇರಬೇಕಾಗಿತ್ತಲ್ಲ. ಪ್ರತಿ ಸಲ ದೋಣಿ ಹತ್ತುವಾಗ ಅವರ ತುಟಿ ಬಿಳಿಚುತ್ತಿತ್ತು. ಕಂಡವಳು ನಾನೊಬ್ಬಳೇ.

ಇನ್ನೊಂದು. ಅವರನ್ನು ಮನೆಯಿಂದ ಹೋಗಲು ಹೇಳಿದ ದಿನ ಅವರು ಮರುಮಾತಾಡಲಿಲ್ಲ ಎಂದು ನಿನಗೆ ಬರೆದೆ. ಸುಳ್ಳು. “ನನ್ನ ತಮ್ಮನಿಗೆ ಇಷ್ಟ ಇಲ್ಲ” ಎಂದಾಗ, “ನಿಮಗೆ?” ಎಂದು ಕೇಳಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ.

ಅವರು ಈಗ ಧಕ್ಕೆಯ ಕೋಣೆಯಲ್ಲೇ ಇದ್ದಾರೆ. ನಾನು ಕರೆದಿಲ್ಲ. ನಿನ್ನ ಮಂಡಿಗೆ ಬೆಚ್ಚಗೆ ಸುತ್ತಿಕೊ.

ಅಕ್ಕ


ಗಂಟು ಸರೋವರ
ಅಕ್ಟೋಬರ್ 24, 1912

ಪ್ರೀತಿಯ ಅಕ್ಕ,

ಕೊಲ್ಲಿಗಳಲ್ಲಿ ಗಾಜಿನಂಥ ಹಿಮದ ಪೊರೆ ಬಂದಿದೆ. ನಾಡಿದ್ದು ಬಿಡಾರ ಕೀಳುತ್ತೇವೆ. ಹಾಳೆ ಪೂರ್ತಿಯಾಗಿದೆ, ಈ ಸಲ ಹೆಗಲಿಗೆ ಕಟ್ಟಿಕೊಂಡು ಪ್ರತಿ ಇಳಿಜಾರಿನಲ್ಲೂ ಕುಂಟುತ್ತಾ ನಡೆದೇ ಬರುತ್ತೇನೆ. ಮೊದಲ ಹಾಳೆಗಿಂತ ಇದು ಚೆನ್ನಾಗಿದೆ. ನಾನು ಬಡಾಯಿ ಕೊಚ್ಚುತ್ತಿಲ್ಲ. ನಿನ್ನಷ್ಟು ಅಲ್ಲಾಡದೆ ಕೋಲು ಹಿಡಿದವರು ಈ ಗಡಿಯುದ್ದಕ್ಕೂ ಇಲ್ಲ ಎಂದು ಆಂತ್ವಾನ್ ಕೂಡ ಒಪ್ಪುತ್ತಾನೆ.

ಒಂದೇ ಒಂದು ಸಲ ಕೋಲು ನಡುಗಿತು. ಅದರ ಬಗ್ಗೆ ಬರೆಯಬೇಕು.

ಓಸ್ಮುಂಡ್ ವಿಷಯ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಯಾರನ್ನು ನೋಡಿ ನಕ್ಕೆ ಎಂದು ಈಗ ತಿಳಿಯಿತು. ಅವರ ಮುಂದೆ ನಿಂತು ಕ್ಷಮೆ ಕೇಳುತ್ತೇನೆ. ಅದು ನನ್ನ ಅವರ ನಡುವೆ ಇರಲಿ. ಆದರೆ ನಿನಗೆ ನಾನೂ ಒಂದು ವಿಷಯ ಹೇಳಿಲ್ಲ.

ಸರ್ವೆಯ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಮೇಲೆ ನೀರು, ಕೆಳಗೆ ಆಕಾಶ. ಆ ಗಾಳಿಯಿಲ್ಲದ ಮಧ್ಯಾಹ್ನ, ಪೂರ್ವದ ಕೊಲ್ಲಿಯಲ್ಲಿ, ಒಬ್ಬರು ನಿಲ್ಲುವಷ್ಟೇ ಜಾಗವಿದ್ದ ಬೋಳು ಬಂಡೆಯ ಮೇಲೆ ನೀನು ಕೋಲು ಹಿಡಿದು ತಲೆಕೆಳಗಾಗಿ ನೇತಾಡುತ್ತಿದ್ದೆ. ಓಸ್ಮುಂಡ್ ದೋಣಿಯಿಂದ ಇಳಿದರು. ಜಾಗವಿಲ್ಲದೆ ನೀರಿನಲ್ಲೇ ನಿಂತರು. ಟೋಪಿ ತೆಗೆದರು. ಆಮೇಲೆ ಆ ತಣ್ಣನೆ ನೀರಿನಲ್ಲಿ ಮಂಡಿಯೂರಿದರು. ಕೋಲು ನಡುಗಿದ್ದು ಆಗ.

ನನ್ನ ಅಳತೆ ಅಷ್ಟರಲ್ಲಿ ಆಗಿಹೋಗಿತ್ತು.

“ಬರ್ಕೊಂಡ್ಯಾ?” ಎಂದ ಆಂತ್ವಾನ್.

“ಬರ್ಕೊಂಡೆ.”

“ಮತ್ತೆ ಬಾವುಟ ಇಳಿಸ್ಲಾ?”

“ಬೇಡ. ಇಳಿಸಿದ್ರೆ ಅಕ್ಕ ದೋಣಿ ಹತ್ತಿಬಿಡ್ತಾಳೆ.”

ಆಂತ್ವಾನ್ ಕಣ್ಣು ಕಿರಿದು ಮಾಡಿ ನೋಡಿದ. ಅಷ್ಟು ದೂರದಿಂದ ಏನು ಕಂಡಿತೋ, “ಹಿಂಗಾದ್ರೆ ಇವತ್ತು ನಮ್ಗೆ ಊಟ ಇಲ್ಲ” ಎಂದು ಬಾವುಟದ ಕಂಬಕ್ಕೆ ಒರಗಿ ಕೂತ. ತುಂಬ ಹೊತ್ತು ಬಾವುಟ ಮೇಲೆಯೇ ಇತ್ತು.

ಎಲ್ಲ ಕಂಡಿತು ಅಕ್ಕ, ಕೇಳಿಸಲಿಲ್ಲ. ನೀವಿಬ್ಬರೂ ಆಮೇಲೆ ಏನೂ ಆಗದವರ ಹಾಗೆ ಮುಂದಿನ ದ್ವೀಪಕ್ಕೆ ಹೋದಿರಿ. ಸಂಜೆ ನೀನು ಬೀನ್ಸ್ ಬಡಿಸುವಾಗ ನನ್ನ ಮುಖ ನೋಡಲಿಲ್ಲ. ನೀನು ಬೇಡವೆಂದಿರಬೇಕು. ಯಾಕೆಂದೂ ನನಗೆ ಗೊತ್ತು. ಚಳಿಗಾಲದಲ್ಲಿ ಐಲಿಫ್ ಯಾರ ಮನೆಗೆ ಬರಬೇಕು ಎಂದು.

ಜುಲೈಯಲ್ಲಿ ವಿಟ್‌ಕೋಂಬ್ ಹೇಳಿದ್ದು ಇದು: ಅಲಾಸ್ಕಾದ ಗಡಿಯಲ್ಲಿ ಮೂರು ವರ್ಷದ ಕೆಲಸ, ತಂಡಕ್ಕೆ ನಾನೇ ಮುಖ್ಯಸ್ಥ. ಅಕ್ಕ ಒಬ್ಬಳೇ ಆಗುತ್ತಾಳೆಂದು ಬೇಡ ಎಂದಿದ್ದೆ. ನಿನಗಾಗಿ ನಾನು ಅದನ್ನು ಬಿಟ್ಟೆ, ನನಗಾಗಿ ನೀನು ಇವರನ್ನು ಬಿಡುತ್ತೀಯೆ. ಹೀಗೇ ಒಬ್ಬರಿಗಾಗಿ ಒಬ್ಬರು ಎಲ್ಲವನ್ನೂ ಬಿಟ್ಟುಕೊಂಡು ಆ ಅಡುಗೆಮನೆಯಲ್ಲಿ ಎದುರುಬದುರು ಮುದುಕರಾಗುವುದೇ? ನಿನ್ನೆ ವಿಟ್‌ಕೋಂಬ್‌ಗೆ ಬರೆದು ಕಳಿಸಿದೆ. ಮಾರ್ಚಿನಲ್ಲಿ ಹೊರಡುತ್ತೇನೆ. ಇನ್ನು ನನ್ನ ನೆಪ ಹೇಳುವಂತಿಲ್ಲ.

ಈಗ ಹೇಳು. ಆ ಬಂಡೆಯ ಮೇಲೆ ಏನೆಂದೆ?

ನಿನ್ನ ಐಲಿಫ್


ಡುಲೂತ್
ಅಕ್ಟೋಬರ್ 31, 1912

ಪ್ರೀತಿಯ ಐಲಿಫ್,

ಈ ಪತ್ರವನ್ನು ಈಲಿಯ ಹೋಟೆಲಿಗೆ ಹಾಕುತ್ತಿದ್ದೇನೆ, ರೈಲು ಹತ್ತುವ ಮೊದಲು ನಿನ್ನ ಕೈಗೆ ಸಿಗಲಿ ಎಂದು.

ಕಳ್ಳ ನೀನು. ಬಾವುಟ ಇಳಿಯದೆ ನನ್ನ ತೋಳು ಬಿದ್ದುಹೋಗುವ ಹಾಗಾಗಿತ್ತು. ಹಾಳೆಯಲ್ಲಿ ಏನೋ ತಪ್ಪಾಗಿದೆ, ನನ್ನಿಂದಲೇ ಆಗಿದೆ ಎಂದು ಹೆದರಿದ್ದೆ.

ಬಂಡೆಯ ಮೇಲೆ ನಾನು ಹೇಳಿದ್ದು, “ಏಳಿ, ನೆಗಡಿ ಆಗುತ್ತೆ.” ಅಷ್ಟೇ. ಒಬ್ಬ ಮನುಷ್ಯ ತಾನು ಜಗತ್ತಿನಲ್ಲಿ ಅತಿ ಹೆಚ್ಚು ಹೆದರುವ ನೀರಿನಲ್ಲಿ ಮಂಡಿಯೂರಿ ಕೂತಿದ್ದಾಗ ನನ್ನ ಬಾಯಿಂದ ಬಂದದ್ದು ಅದು. “ಉತ್ತರ?” ಎಂದರು. “ನನ್ನ ತಮ್ಮ ನೋಡ್ತಿದ್ದಾನೆ, ಅಲ್ಲಾಡಿದ್ರೆ ನಕ್ಷೆ ಕೆಡುತ್ತೆ, ಬಾವುಟ ಇಳೀಲಿ” ಎಂದೆ. “ಹಾಗಾದ್ರೆ ನಾನೂ ಅಲ್ಲಾಡಲ್ಲ” ಎಂದು ಹಾಗೇ ಕೂತರು. ಬಾವುಟ ಇಳಿಯಿತು. ನನಗೆ ಧೈರ್ಯ ಹೋಯಿತು. “ಮುಂದಿನ ದ್ವೀಪಕ್ಕೆ ಹೋಗೋಣ” ಎಂದೆ. ಅವರು ಕೈ ಕೊಟ್ಟು ದೋಣಿ ಹತ್ತಿಸಿದರು.

ನಿನ್ನ ಪತ್ರ ಬಂದದ್ದು ನಿನ್ನೆ ಮಧ್ಯಾಹ್ನ. ಓದುತ್ತಾ ನಗು ಬಂತು, ಅಳು ಬಂತು, ಹಿಟ್ಟಿನ ಕೈಯಲ್ಲೇ ಶಾಲು ಹೊದ್ದು ಧಕ್ಕೆಗೆ ಹೋದೆ. ಊಟದಮನೆಯ ಹಿಂಬಾಗಿಲಲ್ಲಿ ಓಸ್ಮುಂಡ್ ಆಲೂಗಡ್ಡೆ ಸುಲಿಯುತ್ತಿದ್ದರು.

“ಆ ದಿನ ಕೇಳಿದ್ರಲ್ಲ, ಅದು ಇನ್ನೂ ಇದೆಯಾ?” ಎಂದೆ.

ಚಾಕು ಕೆಳಗಿಟ್ಟರು. “ಇದೆ. ಆದ್ರೆ ಮತ್ತೆ ಮಂಡಿ ಊರೋಕಾಗಲ್ಲ. ಆ ನೀರಿನ ನೋವು ಇನ್ನೂ ಹೋಗಿಲ್ಲ.”

“ಬೇಡ, ನಿಂತ್ಕೊಂಡೇ ಇರಿ. ನಂಗೂ ಕುತ್ತಿಗೆ ಬಗ್ಗಿಸಿ ಸಾಕಾಗಿದೆ.”

“ನಿಮ್ಮ ತಮ್ಮ?”

“ಅಲಾಸ್ಕಾಗೆ ಹೋಗ್ತಾನೆ. ಚಳಿಗಾಲದಲ್ಲಿ ಬಂದಾಗ ಅವನ ಮೇಜು ಕಿಟಕಿ ಹತ್ರಾನೇ ಇರ್ಬೇಕು.”

“ಇರುತ್ತೆ” ಎಂದರು. ಆಮೇಲೆ ನನ್ನ ಹಿಟ್ಟಿನ ಕೈ ಹಿಡಿದುಕೊಂಡರು. ಒಳಗಿನಿಂದ ಯಾರೋ, “ಓಸ್ಮುಂಡ್, ಆಲೂಗಡ್ಡೆ ಎಲ್ಲಯ್ಯಾ!” ಎಂದು ಕೂಗುತ್ತಲೇ ಇದ್ದರು. ಅವರು ಹೋಗಲಿಲ್ಲ.

ನಿನ್ನನ್ನು ಆರು ವರ್ಷದವನಿದ್ದಾಗಿನಿಂದ ಎದೆಗೆ ಅವುಚಿಕೊಂಡವಳು ನಾನು. ಮಾರ್ಚಿನಲ್ಲಿ ಹೇಗೆ ಬಿಡುತ್ತೇನೋ ಗೊತ್ತಿಲ್ಲ. ಅದಕ್ಕೆ ಇನ್ನೂ ದಿನವಿದೆ. ಮದುವೆ ನವೆಂಬರ್ ಒಂಬತ್ತಕ್ಕೆ. ಆಂತ್ವಾನ್‌ನನ್ನು ಬಿಡದೆ ಕರೆದುಕೊಂಡು ಬಾ. ಯಾಲ್ಮಾರಿ ಬರುತ್ತಾನೆ, ಈ ವಾರದ ಮಾತನ್ನು ಅದಕ್ಕೇ ಉಳಿಸಿಟ್ಟಿದ್ದಾನಂತೆ.

ಚರ್ಚಿನಲ್ಲಿ ನೀನು ನನ್ನ ಪಕ್ಕದಲ್ಲೇ ನಿಲ್ಲಬೇಕು. ದೂರದಿಂದ ನೋಡಿದ್ದು ಸಾಕು. ಪಾದ್ರಿಗಳು ಕೇಳಿದಾಗ ನಾನು ಏನೆನ್ನುತ್ತೇನೆಂದು ಈ ಸಲ ಕಿವಿಯಾರೆ ಕೇಳಿಸಿಕೊ.

ನಿನ್ನ ಅಕ್ಕ
ಥೋರಾ